ನಂಬರಿನ ತಲೆ ನೋಡಿ ಫೋನ್ ಎತ್ತಿ

ಚಿಕ್ಕಮ್ಮನ ಕೀಪ್ಯಾಡ್ ಫೋನಿನಲ್ಲಿ ಮೂವತ್ತು ರೂಪಾಯಿ ಕರೆನ್ಸಿ ಇತ್ತು. ಮಿಕ್ಸಿ ಕೆಟ್ಟಿತ್ತು ಅಂತ ವಾರಂಟಿ ಕಾರ್ಡಿನ ಹಿಂದೆ ಇದ್ದ ನಂಬರಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿದರು, "ನಿಮ್ಮ ಕರೆ ನಮಗೆ ತುಂಬಾ ಮುಖ್ಯ" ಅನ್ನುವುದನ್ನು ಮೂರು ಭಾಷೆಯಲ್ಲಿ ಕೇಳಿದರು, ಕೊನೆಗೆ ಆ ಕಡೆಯಿಂದ ಯಾರೋ ಹಲೋ ಅನ್ನುವ ಹೊತ್ತಿಗೆ ಫೋನೇ ಕಟ್. ಕರೆನ್ಸಿ ಖಾಲಿ. ಸಂಜೆ ನನ್ನ ಹತ್ತಿರ ಬಂದು "ಅದು ಫ್ರೀ ನಂಬರ್ ಅಲ್ವೇನೋ?" ಅಂದರು.

ಅಲ್ಲ. ಅದು 1860. ಫ್ರೀ ಇರುವುದು 1800. ಬದಲಾಗಿರುವುದು ಒಂದೇ ಅಂಕಿ, ಆದರೆ ಒಂದರಲ್ಲಿ ದುಡ್ಡು ಕೊಡುವುದು ಕಂಪನಿ, ಇನ್ನೊಂದರಲ್ಲಿ ನಾವು.

ಅವತ್ತು ಅವರ ಅಡುಗೆಮನೆ ಕ್ಯಾಲೆಂಡರ್ ಪಕ್ಕ ಅಂಟಿಸಲು ಒಂದು ಚೀಟಿ ಬರೆದುಕೊಟ್ಟೆ. ಆ ಚೀಟಿ ಬೆಳೆದು ಇಷ್ಟಾಗಿದೆ. ಫೋನ್ ನಂಬರನ್ನು ಪೂರ್ತಿ ಓದುವ ಅಗತ್ಯವಿಲ್ಲ, ಮೊದಲ ಮೂರು ನಾಲ್ಕು ಅಂಕಿ ನೋಡಿದರೆ ಸಾಕು. ಯಾರ ದುಡ್ಡು ಖರ್ಚಾಗುತ್ತದೆ, ಆ ಕಡೆ ಇರುವವರು ಯಾವ ತರಹದವರು, ತೊಂದರೆಯಾದರೆ ಯಾರನ್ನು ಕೇಳಬೇಕು ಅನ್ನುವುದು ಹೆಚ್ಚುಕಡಿಮೆ ಅಲ್ಲೇ ಗೊತ್ತಾಗುತ್ತದೆ. ಗೊತ್ತಾಗದ ಕಡೆ ಹುಷಾರಾಗಿರಬೇಕು, ಅಷ್ಟೇ.

1800 ಮತ್ತು 1860

ಮೊದಲು ಇದನ್ನೇ ಮುಗಿಸೋಣ. 1800ರಿಂದ ಶುರುವಾಗುವ ನಂಬರು ಟೋಲ್ ಫ್ರೀ. ನೀವು ಎಷ್ಟು ಹೊತ್ತು ಮಾತಾಡಿದರೂ, ಸುಮ್ನೆ ಕಾದರೂ, ಅದರ ಖರ್ಚು ನಂಬರು ಇಟ್ಟುಕೊಂಡಿರುವ ಕಂಪನಿಯದ್ದು. 1800ರ ನಂತರ ಸಾಮಾನ್ಯವಾಗಿ ಆರೋ ಏಳೋ ಅಂಕಿ ಇರುತ್ತದೆ. ಅದರ ಮುಂದೆ ಸೊನ್ನೆ ಹಾಕಬೇಡಿ, +91 ಕೂಡ ಹಾಕಬೇಡಿ. ಮೊಬೈಲಿನಿಂದಲೂ ಲ್ಯಾಂಡ್‌ಲೈನಿನಿಂದಲೂ ಹಾಗೇ ಒತ್ತಿದರೆ ಆಯಿತು.

1860 ಕೂಡ ದೇಶಕ್ಕೆಲ್ಲ ಒಂದೇ ನಂಬರು ಅನ್ನುವ ಲೆಕ್ಕದ್ದು. ನೀವು ಬೀದರಿನಿಂದ ಮಾಡಿ, ಕೊಡಗಿನಿಂದ ಮಾಡಿ, ಕರೆ ಕಂಪನಿಯ ಕಾಲ್ ಸೆಂಟರಿಗೆ ಹೋಗುತ್ತದೆ. ಆದರೆ ಲೋಕಲ್ ಕಾಲಿನ ಖರ್ಚು ನಮ್ಮ ತಲೆಗೆ. "ನನ್ನದು ಅನ್‌ಲಿಮಿಟೆಡ್ ಪ್ಯಾಕ್, ನನಗೇನು" ಅಂತ ಬಿಡಬೇಡಿ. ಇಂಥ ವಿಶೇಷ ನಂಬರುಗಳು ಅನ್‌ಲಿಮಿಟೆಡ್ ಒಳಗೆ ಬರುತ್ತವೋ ಇಲ್ಲವೋ ಅನ್ನುವುದು ಪ್ಯಾಕಿನ ಸಣ್ಣ ಅಕ್ಷರದ ಷರತ್ತಿನಲ್ಲಿರುತ್ತದೆ. ಬರದಿದ್ದರೆ ಮೂಲ ದರ ಬೀಳುತ್ತದೆ. ಸೆಕೆಂಡಿಗೆ ಎರಡೂವರೆ ಪೈಸೆ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಇಪ್ಪತ್ತು ನಿಮಿಷಕ್ಕೆ ಗುಣಿಸಿ ನೋಡಿ, ಸರಿಯಾಗಿ ಚಿಕ್ಕಮ್ಮನ ಮೂವತ್ತು ರೂಪಾಯಿ.

ಏನು ಮಾಡಬಹುದು? ಕಂಪನಿಯ ವೆಬ್‌ಸೈಟಿನಲ್ಲಿ ಸ್ವಲ್ಪ ಕೆಳಗೆ ಹುಡುಕಿ, ಎಷ್ಟೋ ಕಡೆ 1860 ದಪ್ಪಗೆ ಬರೆದು 1800 ಯಾವುದೋ ಮೂಲೆಯಲ್ಲಿ ಇಟ್ಟಿರುತ್ತಾರೆ. ಇಲ್ಲದಿದ್ದರೆ ಮಾಮೂಲಿ ಲ್ಯಾಂಡ್‌ಲೈನ್ ನಂಬರು ಇದೆಯಾ ನೋಡಿ, ಅದು ನಿಮ್ಮ ಪ್ಯಾಕಿನೊಳಗೇ ಬರುತ್ತದೆ. ಅದೂ ಇಲ್ಲವಾದರೆ ಇಮೇಲ್ ಹಾಕಿ. ಬರವಣಿಗೆಯಲ್ಲಿದ್ದರೆ ಮುಂದೆ ದೂರು ಕೊಡುವಾಗಲೂ ಕೈಯಲ್ಲಿ ಏನಾದರೂ ಇರುತ್ತದೆ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ದುಬೈಯಿಂದಲೋ ನ್ಯೂಜೆರ್ಸಿಯಿಂದಲೋ ಇಲ್ಲಿನ 1800ಕ್ಕೆ ಮಾಡಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಊರಿಗೆ ಬಂದಾಗಲೇ ನಿಮ್ಮ ಬ್ಯಾಂಕಿನ ವಿದೇಶಿ ಗ್ರಾಹಕರ ನಂಬರನ್ನು, +91ರಿಂದ ಶುರುವಾಗುವುದನ್ನು, ಉಳಿಸಿಟ್ಟುಕೊಂಡು ಹೋಗಿ. ಕಾರ್ಡ್ ಕಳೆದ ಮೇಲೆ ಹುಡುಕಲು ಕೂತರೆ ಸಿಗುವುದು ನಕಲಿ ನಂಬರೇ.

ನಕಲಿ ನಂಬರಿನ ವಿಷಯಕ್ಕೆ ಬಂದರೆ, ಕಸ್ಟಮರ್ ಕೇರ್ ನಂಬರನ್ನು ಸರ್ಚ್ ಮಾಡಿ ಮೊದಲು ಕಂಡದ್ದಕ್ಕೆ ಫೋನ್ ಮಾಡುವ ಅಭ್ಯಾಸ ಬಿಡಿ. ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ, ಬಿಲ್ಲಿನಲ್ಲಿ, ಕಂಪನಿಯ ಸ್ವಂತ ಆಪಿನಲ್ಲಿ ಇರುವ ನಂಬರು ಮಾತ್ರ ನಂಬಿ. ಬ್ಯಾಂಕಿನ ಕಸ್ಟಮರ್ ಕೇರ್ ಅಂತ ಹತ್ತು ಅಂಕಿಯ ಮೊಬೈಲ್ ನಂಬರು ಸಿಕ್ಕಿತೋ, ಅಲ್ಲೇ ಬಿಟ್ಟುಬಿಡಿ.

ಹತ್ತು ಅಂಕಿಯ ಮೊಬೈಲ್

6, 7, 8, 9. ನಮ್ಮ ಮೊಬೈಲ್ ನಂಬರುಗಳು ಈ ನಾಲ್ಕರಲ್ಲಿ ಒಂದರಿಂದ ಶುರುವಾಗುತ್ತವೆ. ದೇಶದ ಯಾವ ಮೂಲೆಗೆ ಮಾಡಿದರೂ ಹತ್ತೇ ಅಂಕಿ, ಮೊಬೈಲಿನಿಂದ ಮೊಬೈಲಿಗೆ ಸೊನ್ನೆ ಬೇಡ.

ಹಿಂದೆ ಮೊದಲ ನಾಲ್ಕು ಅಂಕಿ ಒಂದು ಜಾತಕ ಇದ್ದ ಹಾಗೆ ಇತ್ತು. 9845 ಅಂದರೆ ಏರ್‌ಟೆಲ್ ಕರ್ನಾಟಕ, 9844 ಅಂದರೆ ಸ್ಪೈಸ್, 9886 ಹಚ್, 9448 ಬಿಎಸ್ಸೆನ್ನೆಲ್. 98450ರ ನಂಬರು ಇಟ್ಟುಕೊಂಡವರು ಇವತ್ತಿಗೂ ಅದನ್ನು ಹೇಳುವಾಗ ಸ್ವಲ್ಪ ನಿಧಾನಕ್ಕೆ ಹೇಳುತ್ತಾರೆ, ಗಮನಿಸಿ ನೋಡಿ. ಆದರೆ 2011ರ ಜನವರಿ 20ರಿಂದ ದೇಶವಿಡೀ ನಂಬರು ಬದಲಿಸದೆ ಕಂಪನಿ ಬದಲಿಸಬಹುದಾಯಿತು, 2015ರ ಜುಲೈನಿಂದ ಬೇರೆ ರಾಜ್ಯಕ್ಕೂ ಅದೇ ನಂಬರು ಒಯ್ಯಬಹುದಾಯಿತು. ಹಾಗಾಗಿ ಈಗ ನಂಬರು ನೋಡಿ ಕಂಪನಿ ಹೇಳುವುದು ಮುಖ ನೋಡಿ ಮಣೆ ಹಾಕಿದ ಹಾಗೆ, ತಪ್ಪಾಗುವುದೇ ಜಾಸ್ತಿ. ನಿಮ್ಮ ನಂಬರು ನೋಡಿ "ನೀವು ಇಂಥ ಕಂಪನಿಯ ಗ್ರಾಹಕರು ಅಲ್ವಾ ಸಾರ್" ಅಂತ ಯಾರಾದರೂ ಸರಿಯಾಗಿ ಹೇಳಿದರೂ, ಅದು ನಂಬಿಕೆಗೆ ಕಾರಣವಲ್ಲ.

ಖರ್ಚಿನ ಕಥೆ ಇಲ್ಲಿ ದೊಡ್ಡದು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೊಲ್ಕತ್ತಾದಿಂದ ದೆಹಲಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. ಫೋನ್ ರಿಂಗಾದರೆ ಎತ್ತದೆ ಕಟ್ ಮಾಡಿ, ಕಾಯಿನ್ ಬೂತಿಗೆ ಓಡಿಹೋಗಿ ಒಂದು ರೂಪಾಯಿ ಹಾಕಿ ವಾಪಸ್ ಮಾಡುತ್ತಿದ್ದವರು ನಮ್ಮ ಬೀದಿಯಲ್ಲೇ ಇದ್ದರು. 2003ರ ಮೇ 1ರಿಂದ ಕರೆ ಮಾಡಿದವರೇ ದುಡ್ಡು ಕೊಡುವ ಪದ್ಧತಿ ಬಂತು, ಒಳಬರುವ ಕರೆ ಫ್ರೀ ಆಯಿತು. 2006ರಲ್ಲಿ ಬಿಎಸ್ಸೆನ್ನೆಲ್ ದೇಶದ ಎಲ್ಲಿಗಾದರೂ ನಿಮಿಷಕ್ಕೆ ಒಂದು ರೂಪಾಯಿ ಅಂದಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಉಳಿದವರೂ ಅದೇ ದಾರಿ ಹಿಡಿದರು. "ಎಲ್ಲಿದ್ದೀಯ? ಸರಿ ಬಾ" ಅನ್ನುವ ನಾಲ್ಕು ಸೆಕೆಂಡಿನ ಮಾತಿಗೆ ಪೂರ್ತಿ ನಿಮಿಷದ ದುಡ್ಡು ಹೋಗುವುದು ನಿಂತಿತು.

ಇನ್ನೊಂದು ಖರ್ಚು ನಮ್ಮ ಕಣ್ಣಿಗೆ ಬೀಳದೇ ಇತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಫೋನ್ ಮಾಡಿದರೆ, ಮೊದಲ ಕಂಪನಿ ಎರಡನೆಯದಕ್ಕೆ ನಿಮಿಷಕ್ಕೆ ಇಷ್ಟು ಪೈಸೆ ಅಂತ ಕೊಡಬೇಕಿತ್ತು. 2017ರ ಅಕ್ಟೋಬರಿನಲ್ಲಿ ಅದು 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆ. ಅಂದಿನಿಂದ ಬೇರೆ ನೆಟ್‌ವರ್ಕಿಗೆ ಮಾಡಿದರೆ ಜಾಸ್ತಿ ಅನ್ನುವ ಭಯಕ್ಕೆ ಅರ್ಥವಿಲ್ಲ.

ಹಾಗಾದರೆ ಈಗ ದರ ಇಡುವವರು ಯಾರು? ಟ್ರಾಯ್ ಅಂತ ಜನ ತಿಳಿದಿದ್ದಾರೆ. ಟ್ರಾಯ್ ಅನ್ನುವುದು 1997ರಲ್ಲಿ ಬಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ. ಆದರೆ ಬಹುತೇಕ ದರಗಳನ್ನು ಕಂಪನಿಗಳೇ ಇಡುತ್ತವೆ, ಇಟ್ಟ ಮೇಲೆ ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಬೇಕು, ಅಷ್ಟೇ. ಹಾಗಂತ ಟ್ರಾಯ್ ಸುಮ್ಮನೆ ಕೂತಿಲ್ಲ, ಎರಡು ನಿಯಮ ನಮ್ಮ ಜೇಬಿಗೆ ನೇರವಾಗಿ ತಾಗುತ್ತವೆ. 28 ದಿನದ ಪ್ಯಾಕಿನಿಂದ ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್ ಮಾಡಿಸುವ ಲೆಕ್ಕಾಚಾರಕ್ಕೆ ಜನ ಬೈದ ಮೇಲೆ, 2022ರಲ್ಲಿ ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಕಿಗೆ ಹೊಸದಾಗುವ ಒಂದು ಪ್ಯಾಕನ್ನೂ ಇಡಲೇಬೇಕು ಅಂತಾಯಿತು. 2024ರ ಡಿಸೆಂಬರಿನಲ್ಲಿ, ಡೇಟಾ ಇಲ್ಲದೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಬೇಕು, ಅದನ್ನು 365 ದಿನದವರೆಗೂ ಕೊಡಬಹುದು ಅಂತಾಯಿತು. ಕೀಪ್ಯಾಡ್ ಫೋನಿನ ಅಜ್ಜ ಅಜ್ಜಿಯರಿಗೆ ದಿನಕ್ಕೆ ಎರಡು ಜಿಬಿ ಹಾಕಿಸುತ್ತಿದ್ದೀರಾ? ಅಂಗಡಿಯವರು ತಾವಾಗಿ ಈ ಪ್ಯಾಕ್ ಹೇಳುವುದು ಕಡಿಮೆ. ನೀವೇ ಬಾಯಿ ಬಿಟ್ಟು "ವಾಯ್ಸ್ ಓನ್ಲಿ ಪ್ಯಾಕ್ ಹಾಕಿ" ಅಂತ ಕೇಳಿ. ಚಿಕ್ಕಮ್ಮನಿಗೆ ಈಗ ಅದೇ ಹಾಕಿಸಿದ್ದೇನೆ.

ಅಂದ ಹಾಗೆ, "ಎಲ್ಲರ ಮೊಬೈಲ್ ನಂಬರು 13 ಅಂಕಿ ಆಗುತ್ತದೆ" ಅನ್ನುವ ವಾಟ್ಸಾಪ್ ಸಂದೇಶ 2018ರಿಂದ ಆಗಾಗ ಎದ್ದು ಬರುತ್ತದೆ. 13 ಅಂಕಿಯ ನಂಬರು ಇರುವುದು ಯಂತ್ರಗಳ ಸಿಮ್‌ಗೆ, ಅಂದರೆ ಸ್ಮಾರ್ಟ್ ಮೀಟರು, ಗಾಡಿಯ ಜಿಪಿಎಸ್ ಇಂಥವುಕ್ಕೆ. ಮನುಷ್ಯರಿಗೆ ಹತ್ತೇ.

ಲ್ಯಾಂಡ್‌ಲೈನ್ ಮತ್ತು ಸೊನ್ನೆ

ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಸೊನ್ನೆ ಬಿಟ್ಟು ಎಸ್‌ಟಿಡಿ ಕೋಡ್ ಮತ್ತು ನಂಬರು ಸೇರಿ ಹತ್ತು ಅಂಕಿ ಆಗಬೇಕು. ಬೆಂಗಳೂರು 080, ಆದ್ದರಿಂದ ನಂಬರು ಎಂಟು ಅಂಕಿ. ಮೈಸೂರು 0821, ಮಂಗಳೂರು 0824, ಹುಬ್ಬಳ್ಳಿ-ಧಾರವಾಡ 0836, ಬೆಳಗಾವಿ 0831, ಇಲ್ಲೆಲ್ಲ ನಂಬರು ಏಳು ಅಂಕಿ. ಕಲಬುರಗಿ 08472, ಶಿವಮೊಗ್ಗ 08182, ಹಾಸನ 08172, ಇಲ್ಲಿ ಆರು. ಊರು ಚಿಕ್ಕದಾದಷ್ಟೂ ಕೋಡ್ ಉದ್ದ. ಕರ್ನಾಟಕದ ಕೋಡೆಲ್ಲ 08ರಿಂದಲೇ ಶುರು, ಆದರೆ 08 ಕಂಡದ್ದೆಲ್ಲ ಕರ್ನಾಟಕವಲ್ಲ. ವಿಜಯವಾಡ 0866, ವಿಶಾಖಪಟ್ಟಣ 0891.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವುದೇ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಕಡ್ಡಾಯ. ಪಕ್ಕದ ಮನೆಯ ಮೊಬೈಲಿಗೂ ಸೊನ್ನೆ ಬೇಕು. ಇದು ಗೊತ್ತಿಲ್ಲದೆ ಲ್ಯಾಂಡ್‌ಲೈನ್ ಕೆಟ್ಟಿದೆ ಅಂತ ತಿಂಗಳುಗಟ್ಟಲೆ ಸುಮ್ಮನಿದ್ದವರನ್ನು ನೋಡಿದ್ದೇನೆ. ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಮಾಡುವಾಗ ಊರಿನ ಕೋಡ್ ಸೊನ್ನೆ ಸಮೇತ ಹಾಕಿ, ಅಥವಾ ಸೊನ್ನೆ ತೆಗೆದು +91 ಹಾಕಿ.

ಇಲ್ಲೊಂದು ಗೊಂದಲ ನಮ್ಮ ಬೆಂಗಳೂರಿನವರಿಗೇ ವಿಶೇಷವಾದದ್ದು. ಫೋನಿನ ಪರದೆಯಲ್ಲಿ +91 80 ಅಂತ ಕಂಡ ಕೂಡಲೇ ಬೆಂಗಳೂರಿನ ಆಫೀಸಿನ ಫೋನು ಅಂದುಕೊಳ್ಳುತ್ತೇವೆ. 80ರ ನಂತರ 2 ಅಥವಾ 4 ಇದ್ದರೆ ಹೌದು, ಲ್ಯಾಂಡ್‌ಲೈನ್. ಆದರೆ 8050, 8088, 8095 ಇವು ಮೊಬೈಲ್ ನಂಬರುಗಳು, ಯಾರದ್ದು ಬೇಕಾದರೂ ಆಗಿರಬಹುದು. ಮೂರನೇ ಅಂಕಿಯವರೆಗೂ ಓದಿ. ಇನ್ನು ಲ್ಯಾಂಡ್‌ಲೈನ್ ಅಂದಮಾತ್ರಕ್ಕೆ ಮೇಜಿನ ಮೇಲೆ ಕೂತ ಕಪ್ಪು ಫೋನು ಅಂತಲೂ ಅಲ್ಲ, ಕಾಲ್ ಸೆಂಟರುಗಳು ಸಾಲು ಸಾಲು ಲ್ಯಾಂಡ್‌ಲೈನ್ ನಂಬರು ತೆಗೆದುಕೊಂಡು ಕಂಪ್ಯೂಟರಿನಿಂದಲೇ ಡಯಲ್ ಮಾಡುತ್ತವೆ.

140 ಮತ್ತು 1600: ಎತ್ತಬೇಕಾ ಬೇಡವಾ

140ರಿಂದ ಶುರುವಾದರೆ ಅದು ಪ್ರಚಾರದ ಕರೆ. ಸೈಟು, ಸಾಲ, ಕ್ರೆಡಿಟ್ ಕಾರ್ಡು. ಎತ್ತದಿದ್ದರೆ ನಷ್ಟವಿಲ್ಲ.

1600ರ ಸಾಲು ಹೊಸದು, 2024ರಲ್ಲಿ ಬಂತು. ಸರ್ಕಾರಿ ಸಂಸ್ಥೆಗಳು, ಬ್ಯಾಂಕು, ವಿಮೆ, ಷೇರು ಕಂಪನಿಗಳು ತಮ್ಮ ಗ್ರಾಹಕರಿಗೆ ಸೇವೆಯ ವಿಷಯವಾಗಿ ಫೋನ್ ಮಾಡಲು ಇಟ್ಟ ಸಾಲು ಇದು. ನಿಮ್ಮ ಕಾರ್ಡಿನಲ್ಲಿ ದೊಡ್ಡ ಮೊತ್ತದ ವ್ಯವಹಾರ ಕಂಡಿದೆ, ನೀವೇ ಮಾಡಿದ್ದಾ ಅಂತ ಕೇಳುವ ಕರೆಗಳು. 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ತನ್ನ ಕೆಳಗಿನ ಸಂಸ್ಥೆಗಳಿಗೆ ಬರೆದು, ಸೇವೆಯ ಕರೆ 1600ರಿಂದ, ಪ್ರಚಾರದ ಕರೆ 140ರಿಂದ ಮಾತ್ರ ಮಾಡಿ ಅಂತ ಹೇಳಿತು. ಪ್ರಚಾರಕ್ಕೆ ಮಾಮೂಲಿ ಹತ್ತು ಅಂಕಿಯ ನಂಬರು ಬಳಸುವಂತಿಲ್ಲ ಅಂತ 2025ರ ಫೆಬ್ರವರಿಯ ಟ್ರಾಯ್ ತಿದ್ದುಪಡಿ ಹೇಳುತ್ತದೆ.

ಹೇಳುತ್ತದೆ ಸರಿ, ದಿನಾ ಮಧ್ಯಾಹ್ನ ಊಟಕ್ಕೆ ಕೂತಾಗ ಬರುವ "ಸಾರ್ ಪರ್ಸನಲ್ ಲೋನ್" ಎಲ್ಲ ಹತ್ತು ಅಂಕಿಯಿಂದಲೇ ಬರುತ್ತದೆ ಅಲ್ವಾ ಅಂತ ನೀವು ಕೇಳಬಹುದು. ಬರುತ್ತದೆ. ಅದಕ್ಕೇ ದೂರು ಕೊಡಬೇಕು. 1909ಕ್ಕೆ ಫೋನ್ ಮಾಡಿ, ಅಥವಾ ಎಸ್ಸೆಮ್ಮೆಸ್ ಕಳಿಸಿ, ಅಥವಾ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್, ಅಂದರೆ ಪ್ರಚಾರದ ಕಾಟ ಬೇಡ ಅನ್ನುವ ವ್ಯವಸ್ಥೆ) ಆಪಿನಲ್ಲಿ ಹಾಕಿ. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, ಈಗ ಏಳು ದಿನ ಸಮಯವಿದೆ, ಕಂಪನಿ ಐದು ದಿನದಲ್ಲಿ ಕ್ರಮ ತೆಗೆದುಕೊಳ್ಳಬೇಕು. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಆ ನಂಬರಿನ ಮೇಲೆ ಕ್ರಮ ಶುರುವಾಗುತ್ತದೆ. ಐದೇ ಐದು! ನಿಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬೈದುಕೊಳ್ಳುವ ಬದಲು ಐದು ಜನ ಸೇರಿ 1909ಕ್ಕೆ ಹಾಕಿದರೆ ಸಾಕಲ್ಲ.

ಡಿಎನ್‌ಡಿ ಹಾಕಿಸಿಲ್ಲವಾ? ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಕಳಿಸಿ. ಪ್ರಚಾರದ ಕರೆ, ಮೆಸೇಜು ಪೂರ್ತಿ ಬೇಡ ಅಂತ ಅರ್ಥ. ಒಟಿಪಿ, ಬ್ಯಾಂಕಿನ ಮೆಸೇಜು ನಿಲ್ಲುವುದಿಲ್ಲ, ಹೆದರಬೇಡಿ.

ಮೆಸೇಜಿಗೂ ತಲೆ ಇದೆ, ಅಲ್ಲ, ಬಾಲ ಇದೆ. ಕಳಿಸಿದವರ ಹೆಸರಿನ ಕೊನೆಗೆ ಒಂದು ಗೀಟು, ಒಂದು ಇಂಗ್ಲಿಷ್ ಅಕ್ಷರ. 'ಪಿ' ಇದ್ದರೆ ಪ್ರಚಾರ, 'ಎಸ್' ಸೇವೆ, 'ಟಿ' ವ್ಯವಹಾರ ಅಂದರೆ ಒಟಿಪಿ ತರಹದ್ದು, 'ಜಿ' ಸರ್ಕಾರ. "ನಿಮ್ಮ ಕರೆಂಟ್ ಇವತ್ತು ರಾತ್ರಿ ಒಂಬತ್ತೂವರೆಗೆ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ" ಅನ್ನುವ ಮೆಸೇಜು ಹತ್ತು ಅಂಕಿಯ ಮೊಬೈಲಿನಿಂದ ಬಂದರೆ, ಅದಕ್ಕೆ ಬಾಲವೇ ಇಲ್ಲ ಅನ್ನುವುದನ್ನು ಮೊದಲು ನೋಡಿ. ಕರೆಂಟಿನ ದೂರಿಗೆ ನಂಬರು 1912.

ಮೂರು, ನಾಲ್ಕು, ಐದು ಅಂಕಿಯವು

1ರಿಂದ ಶುರುವಾಗುವ ಪುಟ್ಟ ನಂಬರುಗಳು ಸಾರ್ವಜನಿಕ ಸೇವೆಯವು. ಗೋಡೆಗೆ ಅಂಟಿಸಬೇಕಾದದ್ದು ಒಂದೇ ಇದ್ದರೆ 112. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ. ಕರೆನ್ಸಿ ಇಲ್ಲದಿದ್ದರೂ ಹೋಗುತ್ತದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಮೂರು ಸಲ ಪಟಪಟ ಒತ್ತಿದರೆ ತುರ್ತು ಕರೆ ಹೋಗಬೇಕು ಅನ್ನುವ ನಿಯಮ 2017ರಿಂದ ಇದೆ. ಕೆಲವು ಫೋನುಗಳಲ್ಲಿ ಐದು ಸಲ ಒತ್ತಬೇಕು, ನಿಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ನೋಡಿಕೊಳ್ಳಿ. ಸುಮ್ನೆ ಪರೀಕ್ಷೆಗೆ ಅಂತ ಒತ್ತಬೇಡಿ, ಆ ಕಡೆ ನಿಜವಾಗಿ ಎತ್ತುತ್ತಾರೆ.

ನಮ್ಮಲ್ಲಿ ಆಂಬುಲೆನ್ಸಿಗೆ 108 ಹಳೆಯ ಗುರುತು, ಆರೋಗ್ಯ ಕವಚ ಅನ್ನುವ ಹೆಸರಲ್ಲಿ 2008ರ ನವೆಂಬರ್ 1ರಿಂದ ಇದೆ. ಮಕ್ಕಳಿಗೆ 1098, ಹೆಂಗಸರಿಗೆ 181, ಹಿರಿಯರಿಗೆ 14567, ರೈಲಿಗೆ 139, ಹೆದ್ದಾರಿಯಲ್ಲಿ ಗಾಡಿ ನಿಂತರೆ 1033, ಗ್ರಾಹಕರ ದೂರಿಗೆ 1915. ಮನಸ್ಸು ಕುಗ್ಗಿದಾಗ ಮಾತಾಡಲು 14416. ಟೆಲಿ ಮಾನಸ್ ಅನ್ನುವ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ 1930. ದುಡ್ಡು ಹೋದ ಕೂಡಲೇ ಮಾಡಬೇಕಾದ ನಂಬರು. ಯಾರಿಗೋ ಒಟಿಪಿ ಹೇಳಿ ಖಾತೆ ಖಾಲಿಯಾಯಿತು ಅಂದರೆ ಮೊದಲು ಗಂಡನಿಗೆ ಹೇಳಲಾ, ಮಗನಿಗೆ ಹೇಳಲಾ, ನಾಳೆ ಬ್ಯಾಂಕಿಗೆ ಹೋಗಲಾ ಅಂತ ಯೋಚಿಸುತ್ತಾ ಕೂರಬೇಡಿ. ಮೊದಲು 1930. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ, ಮಧ್ಯದಲ್ಲಿ ಎಲ್ಲಾದರೂ ತಡೆಹಿಡಿಯಲು ಆಗುವುದು ಮೊದಲ ಒಂದೆರಡು ಗಂಟೆಯಲ್ಲೇ.

+ ಇರುವ ನಂಬರುಗಳು

+91 ನಾವು. ಅದಲ್ಲದೆ ಬೇರೆ ಏನಾದರೂ ಕಂಡರೆ ಹೊರದೇಶ. ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು ಹಳೆಯ ಮೋಸ. ಜಪಾನಿನವರು ಇದನ್ನು ವಾನ್‌ಗಿರಿ ಅನ್ನುತ್ತಾರೆ, ಒಂದು ರಿಂಗ್ ಕೊಟ್ಟು ಕಟ್ ಅಂತಲೇ ಅರ್ಥ. ನಮಗೆ ಮಿಸ್ ಕಾಲ್ ಅಂದರೆ ಒಂದು ಭಾಷೆಯೇ ಆಗಿತ್ತು, ಒಂದು ರಿಂಗ್ ಅಂದರೆ ಬಸ್ ಹತ್ತಿದೆ, ಎರಡು ಅಂದರೆ ಇಳಿದೆ. ಆ ಅಭ್ಯಾಸಕ್ಕೆ ವಾಪಸ್ ಮಾಡಿಬಿಡುತ್ತೇವೆ. ಆ ಕರೆಗೆ ನಿಮಿಷಕ್ಕೆ ದುಬಾರಿ ದರ, ಅದರಲ್ಲಿ ಒಂದು ಪಾಲು ಮೋಸಗಾರನ ಜೇಬಿಗೆ. ಐಎಸ್‌ಡಿ ಕರೆ ನಿಮ್ಮ ಅನ್‌ಲಿಮಿಟೆಡ್‌ನಲ್ಲಿ ಬರುವುದಿಲ್ಲ.

+1 ಕಂಡರೆ ಅಮೆರಿಕಾದಲ್ಲಿರುವ ಅಣ್ಣ ಅಂದುಕೊಳ್ಳಬೇಡಿ. ಅಮೆರಿಕಾ, ಕೆನಡಾ ಜೊತೆಗೆ ಎಷ್ಟೋ ಕೆರಿಬಿಯನ್ ದ್ವೀಪಗಳೂ +1ರೊಳಗೇ ಇವೆ. +1 876 ಜಮೈಕಾ, +1 473 ಗ್ರೆನಡಾ, +1 284 ಬ್ರಿಟಿಷ್ ವರ್ಜಿನ್ ದ್ವೀಪಗಳು. ದರ ಬೇರೆ. ಹೊರದೇಶದಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ ನಿಯಮ ಸುಲಭ: ವಾಪಸ್ ಮಾಡಬೇಡಿ. ಇದ್ದರೆ ಅವರ ನಂಬರು ಹೆಸರಿನ ಜೊತೆ ಉಳಿಸಿಕೊಳ್ಳಿ. 2023ರ ಬೇಸಗೆಯಲ್ಲಿ +84, +62, +254ರಿಂದ ವಾಟ್ಸಾಪ್ ಕರೆಗಳ ಸುರಿಮಳೆ ಆಗಿತ್ತು, ನೆನಪಿದೆಯಾ? ವಿಯೆಟ್ನಾಂ, ಇಂಡೋನೇಷ್ಯಾ, ಕೀನ್ಯಾದ ಕೋಡುಗಳು. ವಾಟ್ಸಾಪಿನಲ್ಲಿ ದುಡ್ಡು ಕಟ್ ಆಗುವುದಿಲ್ಲ, ಆದರೆ ಅಲ್ಲಿ ಬಲೆ ಬೇರೆ ತರಹದ್ದು.

ಹೊರದೇಶದಿಂದ ಮಾಡಿ ಪರದೆಯಲ್ಲಿ +91 ತೋರಿಸುವ ಕಳ್ಳಾಟವೂ ಇದೆ. ಅದನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ ಒಂದು ವ್ಯವಸ್ಥೆ ಶುರು ಮಾಡಿದೆ. ಆದರೂ ಪರದೆಯಲ್ಲಿ ಕಂಡ ನಂಬರೇ ಸತ್ಯ ಅಂತ ಕಣ್ಣುಮುಚ್ಚಿ ನಂಬಬೇಡಿ. ಒಂದೇ ಸಲ ಹೇಳಿ ಮುಗಿಸುತ್ತೇನೆ: ನಮ್ಮ ದೇಶದಲ್ಲಿ ವಿಡಿಯೊ ಕಾಲಿನಲ್ಲಿ ಅರೆಸ್ಟ್ ಮಾಡುವ ಕಾನೂನೇ ಇಲ್ಲ. ಖಾಕಿ ಹಾಕಿಕೊಂಡು ಯಾರೇ ಕಾಣಿಸಿದರೂ ಕಟ್ ಮಾಡಿ. ಇಂಥ ಕರೆಗಳನ್ನು ಅದೇ ಇಲಾಖೆಯ ಸಂಚಾರ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

ಇನ್ನು, ಯಾರಾದರೂ "ಕೊರಿಯರ್ ಬಂದಿದೆ, ಡೆಲಿವರಿಗೆ *401* ಹಾಕಿ ಈ ನಂಬರು ಒತ್ತಿ" ಅಂದರೆ ಒತ್ತಬೇಡಿ. ಅದು ಕಾಲ್ ಫಾರ್ವರ್ಡ್ ಮಾಡುವ ಕೋಡು, ಒತ್ತಿದರೆ ನಿಮ್ಮ ಕರೆಗಳು ಅವನ ಫೋನಿಗೆ ಹೋಗುತ್ತವೆ, ಫೋನಿನಲ್ಲಿ ಹೇಳುವ ಒಟಿಪಿಯೂ. ಈ ತರಹದ ಕೋಡಿನಿಂದ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಇಲಾಖೆ ಹೇಳಿತು. ಅನುಮಾನವಿದ್ದರೆ *#21# ಒತ್ತಿ ನೋಡಿ, ##002# ಒತ್ತಿದರೆ ಎಲ್ಲ ಫಾರ್ವರ್ಡೂ ರದ್ದು.

ಜಗಳ ಎಲ್ಲಿಂದ ಶುರು ಮಾಡಬೇಕು

ದುಡ್ಡು ಸುಮ್ಮನೆ ಕಟ್ ಆಯಿತು, ಕೇಳದ ಸೇವೆ ಹಾಕಿದ್ದಾರೆ, ಅಂಥದ್ದಕ್ಕೆಲ್ಲ ಮೊದಲು ನಿಮ್ಮ ಕಂಪನಿಯ 198. ಇದು ದೂರಿನ ನಂಬರು, ಫ್ರೀ. ಮಾತು ಮುಗಿಸುವ ಮುಂಚೆ ಡಾಕೆಟ್ ನಂಬರು, ಅಂದರೆ ನಿಮ್ಮ ದೂರಿನ ಗುರುತಿನ ನಂಬರು, ಬರೆದುಕೊಳ್ಳಿ. ಅದಿಲ್ಲದೆ ಮಾಡಿದ ದೂರು ಗಾಳಿಗೆ ಹೇಳಿದ ಹಾಗೆ. ಸರಿಹೋಗಲಿಲ್ಲವಾದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಅಲ್ಲಿ 39 ದಿನದಲ್ಲಿ ತೀರ್ಮಾನ ಆಗಬೇಕು. ಅದಕ್ಕೂ ಬಗ್ಗದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗ, ಅಥವಾ ಗ್ರಾಹಕರ ಆಯೋಗ. "ಟ್ರಾಯ್‌ಗೆ ಬರೀತೀನಿ ನೋಡಿ" ಅಂತ ಹೆದರಿಸುವುದು ನಮ್ಮ ಜನಪ್ರಿಯ ಬೆದರಿಕೆ. ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರು ಬಗೆಹರಿಸುವುದಿಲ್ಲ ಅನ್ನುವುದು ಕಾಲ್ ಸೆಂಟರಿನವರಿಗೂ ಗೊತ್ತು.

ಕೇಳದೇ ಬಂದ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್ ನಿಲ್ಲಿಸಲು 155223ಕ್ಕೆ ಇಂಗ್ಲಿಷಿನಲ್ಲಿ ಸ್ಟಾಪ್ ಅಂತ ಕಳಿಸಿ. ಕಂಪನಿಯೇ ಬೇಸರವಾದರೆ ಪೋರ್ಟ್ ಮಾಡಿಸಿ, ಅಂದರೆ ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಹೋಗಿ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ, ನಮ್ಮ ಕಡೆ ಅದಕ್ಕೆ ನಾಲ್ಕು ದಿನ ಆಯಸ್ಸು. ಸಿಮ್ ಬದಲಿಸಿ ಏಳು ದಿನ ಆಗುವ ತನಕ ಪೋರ್ಟ್ ಆಗುವುದಿಲ್ಲ. 2024ರ ಜುಲೈ 1ರಿಂದ ಬಂದ ಈ ನಿಯಮ ಸಿಮ್ ಕಳ್ಳರಿಗೆ ಅಡ್ಡಗಾಲು ಹಾಕಲು.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ ಸಾಥಿಯಲ್ಲಿ ಈಗಲೇ ನೋಡಿ. ಒಬ್ಬರಿಗೆ ಒಂಬತ್ತರ ಮಿತಿ. ನಾನು ನೋಡಿದಾಗ ನನ್ನದಲ್ಲದ ಒಂದು ನಂಬರು ನನ್ನ ಹೆಸರಲ್ಲಿ ಕೂತಿತ್ತು. ಯಾವತ್ತೋ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬಂದ ಆಧಾರ್ ಪ್ರತಿಯ ಫಲ ಇರಬೇಕು. "ಇದು ನನ್ನ ನಂಬರಲ್ಲ" ಅಂತ ಒತ್ತಿ ಬಂದೆ.

ಹಳೆಯ ನಂಬರು ಬಿಡುವ ಮುಂಚೆ ಒಂದು ಕೆಲಸ. 90 ದಿನ ಬಳಸದೇ ಇದ್ದ ಪ್ರೀಪೇಯ್ಡ್ ಸಿಮ್ ರದ್ದಾಗಬಹುದು. ಕರೆನ್ಸಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನಷ್ಟು ದಿನ ಉಳಿಸುತ್ತಾರೆ. ರದ್ದಾದ ನಂಬರು ಮತ್ತೆ 90 ದಿನ ಸುಮ್ಮನಿದ್ದು, ಆಮೇಲೆ ಬೇರೆಯವರ ಪಾಲಾಗುತ್ತದೆ. ಬ್ಯಾಂಕು, ಆಧಾರ್, ಗ್ಯಾಸ್, ಮಗುವಿನ ಸ್ಕೂಲು, ಇಮೇಲು ಎಲ್ಲ ಕಡೆ ಹೊಸ ನಂಬರು ಹಾಕಿದ ಮೇಲೇ ಹಳೆಯದು ಬಿಡಿ. ಎರಡು ವರ್ಷದ ಹಿಂದೆ ನಾನು ತೆಗೆದುಕೊಂಡ ಹೊಸ ಸಿಮ್‌ಗೆ ಯಾರದೋ ಸಾಲದ ಕಂತಿನ ಮೆಸೇಜು, ಯಾರದೋ ಮಗಳ ಹಾಜರಿ, ಯಾರದೋ ಒಟಿಪಿ ಬರುತ್ತಿತ್ತು. ಒಂದು ದಿನ ಒಬ್ಬ ಅಜ್ಜಿ ಫೋನ್ ಮಾಡಿ, ನಾನು ಬಾಯಿ ಬಿಡುವ ಮುಂಚೆಯೇ "ಊಟ ಆಯ್ತಾ ಮಗಾ" ಅಂದರು. ಆ ಮಗ ಅಜ್ಜಿಗೆ ಹೊಸ ನಂಬರು ಕೊಟ್ಟಿರಲಿಲ್ಲ.